ಉಣ್ಣೆಯ ಉತ್ಸವದಲ್ಲಿ ಕುರಿಗಾರನ ಜಾಗ

ಮಳೆಗಾಲ ಮುಗಿದು ತೋಟದ ನೆಲ ಗಟ್ಟಿಯಾಗುತ್ತಿದ್ದಂತೆ ನಮ್ಮ ಕರಾವಳಿಯ ತೆಕ್ಕಟ್ಟೆ, ಕುಂಭಾಶಿ, ಕೋಟದ ಕಡೆಯ ತೆಂಗು ಅಡಿಕೆ ತೋಟಗಳಿಗೆ ಘಟ್ಟದ ಮೇಲಿಂದ ಕುರಿಗೊಬ್ಬರದ ಲಾರಿಗಳು ಇಳಿಯುತ್ತವೆ. ಚೀಲಕ್ಕೆ ಇಷ್ಟೆಂದು ದರ ಮಾತಾಡಿ, ಮುಂಗಡ ಕೊಟ್ಟು ತರಿಸಿಕೊಳ್ಳುವವರಿದ್ದಾರೆ. ಕುರಿಮಾಂಸಕ್ಕಂತೂ ವರ್ಷವಿಡೀ ಗಿರಾಕಿ. ಅದೇ ಕುರಿಯ ಮೈಮೇಲಿನ ಉಣ್ಣೆ ಮಾತ್ರ ಘಟ್ಟ ಇಳಿಯುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು. ಹಿಕ್ಕೆಗೆ ಬೆಲೆಯಿದೆ, ಉಣ್ಣೆಗೆ ಇಲ್ಲ. ಇತ್ತೀಚಿನ ವರ್ಷಗಳಲ್ಲಿ ನಮ್ಮ ನಗರಗಳಲ್ಲಿ ನಡೆಯುತ್ತಿರುವ ದೇಸಿ ಉಣ್ಣೆಯ ಪ್ರದರ್ಶನ, ಮೇಳ, ಉತ್ಸವಗಳನ್ನು ಈ ಸ್ಥಿತಿಯ ಎದುರಿಗಿಟ್ಟೇ ಅಳೆಯಬೇಕು ಎಂದು ನನಗೆ ಅನ್ನಿಸುತ್ತದೆ. ಮಳಿಗೆ ಎಷ್ಟು ಚೆಂದವಿತ್ತು, ಎಷ್ಟು ಜನ ಬಂದರು ಎಂಬುದು ಆಮೇಲಿನ ಮಾತು. ಕತ್ತರಿಸಿದ ಹಸಿ ಉಣ್ಣೆಗೆ ಕುರಿ ಸಾಕಿದವನ ಕೈಯಲ್ಲೇ ಬೆಲೆ ಸಿಕ್ಕಿತೇ ಎಂಬುದನ್ನು ಮೊದಲು ಕೇಳಬೇಕು.

ಕರಾವಳಿಯವನಿಗೆ ಈ ವಿಷಯ ಯಾಕೆ ಎಂದು ಯಾರಾದರೂ ಕೇಳಬಹುದು. ನಮ್ಮಲ್ಲಿ ಕುರಿಯಿಲ್ಲದಿದ್ದರೂ ಕಂಬಳಿಯಿತ್ತು. ನಟ್ಟಿ ಗದ್ದೆಯಲ್ಲಿ ಬಗ್ಗಿ ನೇಜಿ ನೆಡುವ ಹೆಂಗಸರ ಬೆನ್ನಿಗೆ ಗೊರಬು. ದನ ಅಟ್ಟಿಕೊಂಡು ಹೋಗುವವರಿಗೆ, ಗದ್ದೆಯ ಕಂಟ ನೋಡಿ ಬರುವವರಿಗೆ, ಹೂಟಿ ಹೊಡೆಯುವವರಿಗೆ ಕಂಬಳಿಕೊಪ್ಪೆ. ಕರಿ ಕಂಬಳಿಯ ಒಂದು ತುದಿಯನ್ನು ಮಡಚಿ ತಲೆಗೆ ಸಿಕ್ಕಿಸಿಕೊಂಡರೆ ಉಳಿದದ್ದು ಬೆನ್ನು, ಹೆಗಲನ್ನೆಲ್ಲ ಮುಚ್ಚಿಕೊಂಡು ಮೊಣಕಾಲಿನವರೆಗೆ ಇಳಿಯುತ್ತಿತ್ತು. ಆಷಾಢದ ಮಳೆಯಲ್ಲಿ ದಿನವಿಡೀ ನಿಂತರೂ ಮೈ ಬೆಚ್ಚಗಿರುತ್ತಿತ್ತು. ಇದಕ್ಕೆ ಕಾರಣ ಉಣ್ಣೆಯ ಗುಣದಲ್ಲೇ ಇದೆ. ಉಣ್ಣೆಯ ಎಳೆ ತನ್ನ ತೂಕದ ಮೂರನೆಯ ಒಂದು ಭಾಗದ ಹತ್ತಿರ ತೇವವನ್ನು ಒಳಗೆಳೆದುಕೊಂಡರೂ ಮುಟ್ಟಿದವರಿಗೆ ಒದ್ದೆ ಎನಿಸುವುದಿಲ್ಲ. ತೇವ ಹೀರುವಾಗ ಸಣ್ಣ ಪ್ರಮಾಣದಲ್ಲಿ ಶಾಖವನ್ನೂ ಬಿಡುತ್ತದೆ. ಒರಟು ಎಳೆಯ ಬಿಗಿ ನೇಯ್ಗೆಯ ಮೇಲೆ ಬಿದ್ದ ನೀರು ಬಹುಪಾಲು ಮೇಲಿಂದಲೇ ಜಾರಿಹೋಗುತ್ತದೆ. ರಾತ್ರಿ ಒಲೆಯ ಮೇಲಿನ ಅಟ್ಟದಲ್ಲಿ ಹರಡಿಟ್ಟರೆ ಬೆಳಗ್ಗೆ ಮತ್ತೆ ತಯಾರು. ಪ್ಲಾಸ್ಟಿಕ್ ಬಂದ ಮೇಲೆ ಇದೆಲ್ಲ ಹೋಯಿತು. ಪ್ಲಾಸ್ಟಿಕ್ಕು ಹಗುರ, ಅಗ್ಗ, ವಾಸನೆಯಿಲ್ಲ. ಒಳಗೆ ಬೆವತು ಮೈಯೆಲ್ಲ ಒದ್ದೆಯಾಗುತ್ತದೆ ಎಂಬ ದೂರು ಇದ್ದೇ ಇದೆ, ಆದರೂ ಯಾರೂ ಹಿಂದಿರುಗಿ ಕಂಬಳಿ ಹುಡುಕಲಿಲ್ಲ. ಹೀಗೆ ಗಿರಾಕಿಗಳನ್ನು ಕಳೆದುಕೊಂಡದ್ದು ಚಳ್ಳಕೆರೆಯ, ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿಯ ಮಗ್ಗಗಳು. ಆ ನಷ್ಟದಲ್ಲಿ ನಮ್ಮ ಕರಾವಳಿಯ ಪಾಲೂ ಇದೆ.

ಕರ್ನಾಟಕದಲ್ಲಿ ಕುರಿ ಕಡಿಮೆಯಾಗಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. 2019ರ ಜಾನುವಾರು ಗಣತಿಯಲ್ಲಿ ರಾಜ್ಯದ ಕುರಿಗಳ ಸಂಖ್ಯೆ ಸುಮಾರು 1 ಕೋಟಿ 11 ಲಕ್ಷ. ತೆಲಂಗಾಣ, ಆಂಧ್ರಪ್ರದೇಶಗಳ ನಂತರದ ಸ್ಥಾನ ನಮ್ಮದು. ಕಡಿಮೆಯಾಗುತ್ತಿರುವುದು ಉಣ್ಣೆಯ ಕುರಿ. ಬೆಳಗಾವಿ, ವಿಜಯಪುರದಿಂದ ಹಿಡಿದು ಚಿತ್ರದುರ್ಗದವರೆಗಿನ ಒಣ ಬಯಲಿನ ಕುರಿ ದಖ್ಖನಿ. ಅದರ ಮೈಬಣ್ಣ ಹೆಚ್ಚಾಗಿ ಕಪ್ಪು. ಬಳ್ಳಾರಿ ಕುರಿಯೂ ಇದೇ ಜಾತಿಯ ಒರಟು ಉಣ್ಣೆಯದು. ಹುಲ್ಲು ಸಿಕ್ಕಲ್ಲಿಗೆ ದಿನಕ್ಕೆ ಮೈಲಿಗಟ್ಟಲೆ ನಡೆದು ಬದುಕುವ, ಬರ ತಡೆಯುವ ಪ್ರಾಣಿಗಳಿವು. ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತಾರೆ. ಒಂದು ಸಲಕ್ಕೆ ಒಂದು ಕುರಿಯಿಂದ ಸಿಗುವುದು ಅರ್ಧ ಕಿಲೋ ದಾಟುವುದು ಅಪರೂಪ. ಎಂದರೆ ಒಂದು ಕಂಬಳಿಗೆ ಹಲವು ಕುರಿಗಳ ಉಣ್ಣೆ ಬೇಕು. ಎಳೆಯ ದಪ್ಪ 50 ಮೈಕ್ರಾನ್ ಆಸುಪಾಸು. ಸ್ವೆಟರ್ ಮಾಡುವ ಮೆರಿನೊ ಉಣ್ಣೆಯ ದಪ್ಪ ಅದರ ಅರ್ಧವೂ ಇಲ್ಲ.

ನಮ್ಮ ಉಣ್ಣೆಯನ್ನು ಮೆರಿನೊ ಜೊತೆ ಹೋಲಿಸಿ ಕಳಪೆ ಎನ್ನುವುದು ಇವತ್ತಿನ ರೂಢಿಯಲ್ಲ. ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದ ಕಾಲದಲ್ಲೇ ಮೆರಿನೊ ಟಗರುಗಳನ್ನು ತರಿಸಿ ಇಲ್ಲಿನ ಕುರಿಗೆ ಕೂಡಿಸುವ ಪ್ರಯತ್ನ ನಡೆದಿತ್ತು. ಸ್ವಾತಂತ್ರ್ಯದ ನಂತರವೂ ಸರ್ಕಾರಿ ಕುರಿ ಫಾರಂಗಳು ವಿದೇಶಿ ತಳಿಗಳನ್ನು ಬೆರೆಸುತ್ತ ಬಂದವು. ಉದ್ದೇಶ ಪ್ರತಿ ಸಲವೂ ಒಂದೇ, ಉಣ್ಣೆಯನ್ನು ಮೃದು ಮಾಡುವುದು. ನಯವಾದ ಉಣ್ಣೆಯ ಕುರಿ ನಮ್ಮ ಬಿಸಿಲಿಗೆ, ಅಲೆದಾಟಕ್ಕೆ ಬಾಳಲಿಲ್ಲ. ಬಾಳಿದ ಕುರಿಯ ಉಣ್ಣೆ ಒರಟಾಗಿಯೇ ಉಳಿಯಿತು. ಇವತ್ತಿನ ಉತ್ಸವಗಳ ವಿನ್ಯಾಸಕರಲ್ಲೂ ಈ ಹಂಬಲ ಪೂರ್ತಿ ಹೋಗಿಲ್ಲ. ದಖ್ಖನಿ ಉಣ್ಣೆಗೆ ಅರ್ಧಕ್ಕರ್ಧ ಮೆರಿನೊ ಬೆರೆಸಿ ಶಾಲು ಮಾಡಿ, ಅದನ್ನು ದೇಸಿ ಎಂದು ಮಾರಾಟಕ್ಕಿಡುವುದನ್ನು ನಾನು ಒಪ್ಪುವುದಿಲ್ಲ. ಆ ಶಾಲು ಹೆಚ್ಚು ಮಾರಾಟವಾದಷ್ಟೂ ಆಸ್ಟ್ರೇಲಿಯಾದ ಮೆರಿನೊ ಉಣ್ಣೆಯ ಬೇಡಿಕೆಯೂ ಹೆಚ್ಚುತ್ತದೆ. ಒರಟು ಉಣ್ಣೆಗೆ ಒರಟು ಉಣ್ಣೆಯದೇ ಕೆಲಸಗಳಿವೆ: ನೆಲಹಾಸು, ಗೋಡೆ ಹಾಸು, ಹೊದಿಕೆ, ಚೀಲ, ಶಾಖ ತಡೆಯುವ ಪದರ, ಕುದುರೆಯ ಬೆನ್ನಿಗೆ ಹಾಸುವ ಬಿರುಸು ಬಟ್ಟೆ. ಆ ಕೆಲಸಗಳಲ್ಲಿ ಅದನ್ನು ತೋರಿಸುವ ಪ್ರದರ್ಶನ ನನ್ನ ಪ್ರಕಾರ ಅರ್ಧ ಗೆದ್ದಂತೆ.

ಆ ದೃಷ್ಟಿಯಿಂದ ಸುರೇಶ್ ಎರಿಯಾಟ್ ಅವರ ‘ದೇಸಿ ಊನ್’ ಎಂಬ ಕಿರು ಅನಿಮೇಷನ್ ಚಿತ್ರ ಒಂದು ಒಳ್ಳೆಯ ಕೆಲಸ. ಪಶುಪಾಲಕರ ನಡುವೆ ಕೆಲಸ ಮಾಡುವ ಸೆಂಟರ್ ಫಾರ್ ಪ್ಯಾಸ್ಟೊರಲಿಸಂ ಸಂಸ್ಥೆಗಾಗಿ ಮಾಡಿದ ಈ ಚಿತ್ರ 2025ರಲ್ಲಿ ಫ್ರಾನ್ಸಿನ ಆನೆಸಿ ಅನಿಮೇಷನ್ ಉತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಅದರ ಆಕೃತಿಗಳನ್ನು ಕಟ್ಟಿದ್ದು ದಖ್ಖನಿ ಉಣ್ಣೆಯಿಂದಲೇ. ತೆರೆಯ ಮೇಲೆ ಎಳೆಗಳು ಸೆಟೆದು ನಿಲ್ಲುತ್ತವೆ, ಕೂದಲು ಚದುರುತ್ತದೆ, ಕಪ್ಪಿನೊಳಗೆ ಕಂದು, ಬೂದು ಬಣ್ಣಗಳು ಕಾಣುತ್ತವೆ. ಆ ಉಣ್ಣೆಯನ್ನು ನಯ ಮಾಡದೆ, ಇರುವಂತೆಯೇ ಸುಂದರ ಎಂದು ತೋರಿಸುವ ಧೈರ್ಯ ಅದಕ್ಕಿದೆ. ಸೆಂಟರ್ ಫಾರ್ ಪ್ಯಾಸ್ಟೊರಲಿಸಂ ಬಳಗದವರು ಸಹಜೀವನ್ ಸಂಸ್ಥೆಯ ಜೊತೆ 2016ರಲ್ಲಿ ದಿಲ್ಲಿಯಲ್ಲಿ ನಡೆಸಿದ ‘ಲಿವಿಂಗ್ ಲೈಟ್ಲಿ’ ಪ್ರದರ್ಶನ ಕಛ್‌ನ ಅಲೆಮಾರಿ ಪಶುಪಾಲಕರ ಬದುಕನ್ನು ಇಡಿಯಾಗಿ ತಂದಿಟ್ಟಿತ್ತು: ಹಾದಿ, ಹುಲ್ಲುಗಾವಲು, ಹಾಲು, ಉಣ್ಣೆ ಎಲ್ಲವನ್ನೂ. ಉಣ್ಣೆಯನ್ನು ಹುಲ್ಲುಗಾವಲಿನಿಂದ ಬೇರೆ ಮಾಡದೆ ತೋರಿಸುವ ಆ ಕ್ರಮ ಸರಿಯಾದದ್ದು. ಹಿಂಡಿಗೆ ದಾರಿಯೇ ಮುಚ್ಚಿಹೋದರೆ ಉಣ್ಣೆಯ ಮಾತಿಗೆ ಅರ್ಥವಿಲ್ಲ.

ಪ್ರದರ್ಶನಗಳ ಕೊರತೆ ಕಾಣುವುದು ಮಗ್ಗದ ಸುತ್ತ. ಕಂಬಳಿಯ ಕೆಲಸದ ಸರಣಿ ಉದ್ದದ್ದು. ಕುರಿಯನ್ನು ಹೊಳೆಯಲ್ಲೋ ಕೆರೆಯಲ್ಲೋ ಮೀಯಿಸಿ, ಕಾಲು ಕಟ್ಟಿ ಮಲಗಿಸಿ, ಕತ್ತರಿ ಹಾಕಿ ಉಣ್ಣೆ ತೆಗೆಯಬೇಕು. ಬಿಲ್ಲಿನ ನಾರಿ ಮೀಟಿ ಹಿಂಜಬೇಕು. ಹಂಜಿ ಮಾಡಬೇಕು. ರಾಟೆಯಲ್ಲಿ ನೂಲಬೇಕು. ಹಾಸು ನೂಲಿಗೆ ಹುಣಸೆ ಬೀಜದ ಗಂಜಿ ಕುದಿಸಿ ಬಳಿದು, ಬಿಸಿಲಿನಲ್ಲಿ ಎಳೆದು ಕಟ್ಟಿ ಒಣಗಿಸಬೇಕು. ಆಮೇಲೆ ಕುಣಿ ಮಗ್ಗಕ್ಕೆ ಏರಿಸಿ ನೇಯಬೇಕು. ಹುಣಸೆ ಗಂಜಿ ಇಲ್ಲದಿದ್ದರೆ ಒರಟು ನೂಲು ಒಂದಕ್ಕೊಂದು ಸಿಕ್ಕಿ ಹರಿಯುತ್ತದೆ. ಬೇಯಿಸಿದ ಗಂಜಿಯ ಹದ ಗೊತ್ತಿರುವವರು ಬಹಳ ಜನ ಉಳಿದಿಲ್ಲ. ಈ ಸರಣಿಯಲ್ಲಿ ಮೇಳದ ಮಳಿಗೆಗೆ ಬರುವುದು ಕೊನೆಯ ಹಂತ ಮಾತ್ರ. ಮಗ್ಗ ಕಣ್ಣಿಗೆ ಚೆಂದ, ಲಾಳಿ ಓಡುವುದು ಚೆಂದ, ಫೋಟೋ ಚೆನ್ನಾಗಿ ಬರುತ್ತದೆ. ನೂಲುವವಳು ಕಾಣಿಸುವುದಿಲ್ಲ. ನೂಲುವುದು ಬಹುಮಟ್ಟಿಗೆ ಹೆಂಗಸರ ಕೆಲಸ, ಅದೂ ಮನೆಗೆಲಸದ ನಡುವೆ, ವಯಸ್ಸಾದವರ ಕೈಯಲ್ಲಿ. ಒಂದು ಕಂಬಳಿಯಲ್ಲಿ ಅತಿ ಹೆಚ್ಚು ಹೊತ್ತು ಹೋಗುವುದು ನೂಲಿಗೆ, ಅತಿ ಕಡಿಮೆ ಕೂಲಿ ಸಿಗುವುದೂ ನೂಲಿಗೆ. ನೂಲುವವರು ನಿಂತರೆ ಮಗ್ಗವೂ ನಿಲ್ಲುತ್ತದೆ. ಆದ್ದರಿಂದ ಮಳಿಗೆಯ ಹೊದಿಕೆಯ ಮೇಲೆ ನೇಯ್ದವರ ಹೆಸರಿನ ಚೀಟಿ ಕಂಡಾಗ ಸಂತೋಷವಾದರೂ ನೂತವರ ಹೆಸರು ಯಾಕಿಲ್ಲ, ಯಾರ ಹಿಂಡಿನ ಉಣ್ಣೆ ಎಂದು ಯಾಕಿಲ್ಲ ಎಂಬ ಪ್ರಶ್ನೆ ಏಳುತ್ತದೆ.

ಅಲಂಕಾರಕ್ಕಾಗಿ ಸಂಪ್ರದಾಯವನ್ನು ಎಳೆದು ತರುವ ಅಭ್ಯಾಸವೂ ಈ ಮೇಳಗಳಿಗಿದೆ. ಕುರುಬ ಸಮುದಾಯದಲ್ಲಿ ಉಣ್ಣೆಕಂಕಣದವರು, ಹತ್ತಿಕಂಕಣದವರು ಎಂಬ ಪಂಗಡಗಳೇ ಇವೆ. ಮದುವೆಯಲ್ಲಿ ಕೈಗೆ ಕಟ್ಟುವ ದಾರದಿಂದ ಬಂದ ಗುರುತು ಅದು. ಪೂಜೆಗೆ ಕಂಬಳಿ ಗದ್ದುಗೆ ಹಾಕುತ್ತಾರೆ. ಮೈಲಾರಲಿಂಗನ ಗೊರವರು ಕರಿ ಕಂಬಳಿಯ ನಿಲುವಂಗಿ ತೊಟ್ಟು ಡಮರುಗ ಹಿಡಿದು ಕುಣಿಯುತ್ತಾರೆ. ನಮ್ಮ ಉಡುಪಿಗೆ ಬಂದ ಕನಕದಾಸರನ್ನು ಕಂಬಳಿಯಿಲ್ಲದೆ ಬರೆದ ಚಿತ್ರಕಾರರು ಅಪರೂಪ. ಉಣ್ಣೆ ಇಷ್ಟು ಆಳವಾಗಿ ಹೊಕ್ಕಿರುವ ಬದುಕಿನಿಂದ ಗೊರವರ ಕುಣಿತವನ್ನು ಮಾತ್ರ ಕತ್ತರಿಸಿ ತಂದು ಉದ್ಘಾಟನೆಗೆ ನಿಲ್ಲಿಸಿದರೆ, ಬಂದವರು ಚಪ್ಪಾಳೆ ತಟ್ಟಿ ಹೋಗುತ್ತಾರೆ. ಮೈಲಾರದ ಜಾತ್ರೆಗೆ ಬರುವ ಜನ ಹಿಂದೆ ಯಾವ ಕಂಬಳಿ ಹೊದ್ದು ಬರುತ್ತಿದ್ದರು, ಈಗ ಆ ಜಾಗಕ್ಕೆ ಪಾಲಿಯೆಸ್ಟರ್ ರಗ್ಗು ಯಾಕೆ ಬಂತು ಎಂಬುದನ್ನು ಉತ್ಸವ ವಿಚಾರಿಸಿದ್ದರೆ ಅದಕ್ಕೆ ಹೆಚ್ಚು ತೂಕ ಬರುತ್ತಿತ್ತು.

ಈ ವಿಚಾರದಲ್ಲಿ ಹೊರದೇಶದ ಉಣ್ಣೆ ಉತ್ಸವಗಳನ್ನು ನೋಡುವುದು ಉಪಯುಕ್ತ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 1974ರಿಂದ ಕುರಿ ಮತ್ತು ಉಣ್ಣೆ ಹಬ್ಬ ನಡೆಯುತ್ತಿದೆ, ಪ್ರತಿ ಮೇ ತಿಂಗಳ ಮೊದಲ ವಾರಾಂತ್ಯದಲ್ಲಿ. ನ್ಯೂಯಾರ್ಕ್ ರಾಜ್ಯದ ರೈನ್‌ಬೆಕ್ ಎಂಬ ಸಣ್ಣ ಊರಿನಲ್ಲಿ ಅಕ್ಟೋಬರ್‌ನಲ್ಲಿ ಇಂಥದೇ ಇನ್ನೊಂದು. ರೈನ್‌ಬೆಕ್ ಹಬ್ಬ ನಡೆಸುವುದು ಅಲ್ಲಿನ ಜಿಲ್ಲೆಯ ಕುರಿ ಸಾಕುವವರ ಸಂಘ. ಮೇರಿಲ್ಯಾಂಡಿನದೂ ಕುರಿ ಸಾಕಣೆಗಾರರಿಂದಲೇ ಬೆಳೆದದ್ದು. ಹತ್ತಿಪ್ಪತ್ತು ಕುರಿಗಳ ಸಣ್ಣ ಜಮೀನಿನವರು ಉತ್ಸವದ ಸಮಿತಿಯಲ್ಲೂ ಇರುತ್ತಾರೆ, ಮಾರಾಟದ ಮೇಜಿನ ಹಿಂದೆಯೂ ಇರುತ್ತಾರೆ. ಉತ್ಸವದ ಜೀವ ಇರುವುದು ಹಸಿ ಉಣ್ಣೆಯ ಸ್ಪರ್ಧೆ ಮತ್ತು ಮಾರಾಟದಲ್ಲಿ. ಒಂದು ಕುರಿಯ ಮೈಯಿಂದ ಇಡಿಯಾಗಿ ತೆಗೆದ ಉಣ್ಣೆಯನ್ನು ಹರಡಿ, ಹೊಟ್ಟೆ ಬುಡದ, ಹಿಂಭಾಗದ ಕೊಳಕು ಅಂಚುಗಳನ್ನು ತೆಗೆದು, ತೂಕ, ತಳಿ, ಸಾಕಿದವರ ಹೆಸರು ಬರೆದು ಇಡುತ್ತಾರೆ. ತೀರ್ಪುಗಾರರು ಎಳೆಯ ಬಲ, ಸಮತೆ, ಸ್ವಚ್ಛತೆ ನೋಡಿ ಅಂಕ ಕೊಡುತ್ತಾರೆ. ಕೈಯಲ್ಲಿ ನೂಲುವವರು ಬೆಳಗ್ಗೆಯೇ ಸಾಲಿನಲ್ಲಿ ನಿಂತು ಕೊಳ್ಳುತ್ತಾರೆ. ಉಣ್ಣೆಯನ್ನು ಚೆನ್ನಾಗಿಟ್ಟ ಕುರಿಗಾರನಿಗೆ ಹೆಚ್ಚು ಹಣ, ಕಸಕಡ್ಡಿ ತುಂಬಿದ್ದಕ್ಕೆ ಕಡಿಮೆ. ಮುಂದಿನ ವರ್ಷ ಕುರಿಯನ್ನು ಹೇಗೆ ಮೇಯಿಸಬೇಕು, ಎಲ್ಲಿ ಕಟ್ಟಬೇಕು, ಯಾವ ಟಗರು ಉಳಿಸಿಕೊಳ್ಳಬೇಕು ಎಂಬುದನ್ನು ಆ ಒಂದು ಬೆಳಗಿನ ಮಾರಾಟ ತೀರ್ಮಾನಿಸುತ್ತದೆ. ಉತ್ಸವ ಕುರಿಹಟ್ಟಿಯವರೆಗೆ ಮುಟ್ಟುವುದು ಹೀಗೆ.

ಅಲ್ಲಿನದೆಲ್ಲ ಒಳ್ಳೆಯದು ಎಂದು ಹೇಳುತ್ತಿಲ್ಲ. ಅಲ್ಲಿನ ಸಣ್ಣ ಕುರಿಹಿಂಡಿನ ಮನೆಗಳಲ್ಲಿ ಬಹಳಷ್ಟಕ್ಕೆ ಬೇರೆ ಆದಾಯವಿದೆ. ಕುರಿ ಅವರ ಪ್ರೀತಿಯ ಕೆಲಸ, ಹೊಟ್ಟೆಪಾಡಲ್ಲ. ಅದೇ ಹಬ್ಬದ ಮಳಿಗೆಗಳಲ್ಲಿ ದೂರದ ದೇಶದ ಮೆರಿನೊ ನೂಲಿಗೆ ಢಾಳಾದ ಬಣ್ಣ ಹಾಕಿ ಮಾರುವುದೂ ಬೇಕಾದಷ್ಟಿದೆ. ನಮ್ಮ ಕುರಿಗಾರನದು ಬೇರೆಯೇ ಬದುಕು. ನೂರಿನ್ನೂರು ಕುರಿ, ಸ್ವಂತ ಹುಲ್ಲುಗಾವಲಿಲ್ಲ, ವರ್ಷದ ಹೆಚ್ಚು ತಿಂಗಳು ಊರು ಬಿಟ್ಟು ದಾರಿಯಲ್ಲಿ. ಕೊಯ್ಲಾದ ಗದ್ದೆಯಲ್ಲಿ ರಾತ್ರಿ ಮಂದೆ ನಿಲ್ಲಿಸಿದ್ದಕ್ಕೆ ರೈತರು ಕೊಡುವ ಕಾಳು, ಹಣ ಅವನ ಆದಾಯದ ಒಂದು ಭಾಗ. ಅವನಿಗೆ ಸಮಿತಿ ಸಭೆಗೆ ಬಾ ಎಂದರೆ ಎಲ್ಲಿಂದ ಬರುವುದು? ಈ ಕಷ್ಟ ನಿಜ. ಆದರೂ ಆ ಹಬ್ಬಗಳ ನಡುವಿನ ಆ ಒಂದು ಮೇಜು, ಹಸಿ ಉಣ್ಣೆಯನ್ನು ತೂಗಿ, ದರ್ಜೆ ಕೊಟ್ಟು, ಸಾಕಿದವನ ಹೆಸರಿನಲ್ಲೇ ಮಾರುವ ಮೇಜು, ನಮ್ಮ ಮೇಳಗಳಲ್ಲಿ ಇಲ್ಲದಿರುವುದಕ್ಕೆ ಅಲೆಮಾರಿತನ ಕಾರಣವಾಗಲಾರದು. ಕುರಿಗಾರ ಬರದಿದ್ದರೂ ಅವನ ಉಣ್ಣೆ ಬರಬಹುದು.

ನಮ್ಮ ಕರಾವಳಿಗೆ ಹೆಚ್ಚು ಹತ್ತಿರವೆನಿಸುವುದು ಸ್ಕಾಟ್ಲೆಂಡಿನ ಉತ್ತರದ ಶೆಟ್ಲೆಂಡ್ ದ್ವೀಪಗಳು. ಅಲ್ಲೂ ಸುತ್ತ ಸಮುದ್ರ, ಗಾಳಿ, ಬಿಡದ ಮಳೆ; ಮೀನುಗಾರಿಕೆ ಒಂದು ಕಡೆ, ಕುರಿ ಇನ್ನೊಂದು ಕಡೆ. 2010ರಲ್ಲಿ ಶುರುವಾದ ಶೆಟ್ಲೆಂಡ್ ಉಣ್ಣೆ ಸಪ್ತಾಹದಲ್ಲಿ ಊರಿಗೆ ಬಂದವರು ಹೆಣೆಯುವವರ ಮನೆಗೆ, ಉಣ್ಣೆ ವಿಂಗಡಿಸುವ ಗೋದಾಮಿಗೆ, ಕುರಿ ಮೇಯುವ ಗುಡ್ಡಕ್ಕೆ ಹೋಗುತ್ತಾರೆ. ಪ್ರತಿವರ್ಷ ಒಂದು ಟೊಪ್ಪಿಯ ಹೆಣಿಗೆ ವಿನ್ಯಾಸವನ್ನು ಎಲ್ಲರಿಗೂ ಬಿಟ್ಟಿಯಾಗಿ ಕೊಡುತ್ತಾರೆ. ಬರುವವರು ಅದನ್ನು ಶೆಟ್ಲೆಂಡಿನ ನೂಲಿನಲ್ಲೇ ಹೆಣೆದು, ತೊಟ್ಟು ಬರುತ್ತಾರೆ. ವಿನ್ಯಾಸ ಬಿಟ್ಟಿ, ನೂಲಿಗೆ ಮಾರಾಟ. ಸಣ್ಣ ಉಪಾಯ, ಆದರೆ ಜಾಣತನದ್ದು. ದ್ವೀಪದ ಕಪ್ಪು, ಕಂದು, ಬೂದು ಉಣ್ಣೆಯನ್ನು ಬಣ್ಣ ಹಾಕದೆ ಬಳಸುವ ರೂಢಿಗೂ ಅದರಿಂದ ಬಲ ಬಂದಿದೆ.

ಇದನ್ನೆಲ್ಲ ಮಾತಾಡುವಾಗ ನಮ್ಮೂರಿನಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: “ಹ್ವಾಯ್, ಹಂಗಾರೆ ನಮ್ಮಲ್ಲೇ ಕುರಿ ಸಾಂಕುಕ್ ಆತಿಲ್ಯಾ?” ಸಣ್ಣ ಜಮೀನಿನಲ್ಲಿ ಇಪ್ಪತ್ತು ಕುರಿ ಕಟ್ಟಿ, ಉಣ್ಣೆ ತೆಗೆದು, ಇಲ್ಲೇ ಒಂದು ಹಬ್ಬ ಮಾಡುವ ಆಸೆ ಸಹಜವಾದದ್ದೇ. ನನ್ನ ಉತ್ತರ, ಉಣ್ಣೆಗಾಗಿ ಬೇಡ. ಚಳ್ಳಕೆರೆಯಲ್ಲಿ ವರ್ಷದ ಮಳೆ 600 ಮಿ.ಮೀ. ದಾಟುವುದೇ ಅಪರೂಪ, ನಮ್ಮಲ್ಲಿ 4,000 ಮಿ.ಮೀ. ಆಸುಪಾಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಒಣಗುವುದಿಲ್ಲ. ಹಸಿ ನೆಲದಲ್ಲಿ ನಿಂತ ಕುರಿಯ ಗೊರಸಿನ ಸಂದಿ ಕೊಳೆಯುತ್ತದೆ. ಹಸಿ ಹುಲ್ಲಿನ ಜೊತೆ ಜಂತುಹುಳದ ಮರಿಗಳು ಹೊಟ್ಟೆ ಸೇರಿ ರಕ್ತ ಹೀರುತ್ತವೆ. ಗದ್ದೆಯ ನೀರಿನ ಬಸವನಹುಳದಿಂದ ಪಿತ್ತಜನಕಾಂಗದ ಹುಳ ಹತ್ತುತ್ತದೆ. ತೆಕ್ಕಟ್ಟೆಯ ಪಕ್ಕದ ಮಲ್ಯಾಡಿಯಲ್ಲಿ ಹಂಚಿನ ಕಾರ್ಖಾನೆಗಳಿಗೆ ಆವೆಮಣ್ಣು ತೆಗೆದ ಹೊಂಡಗಳು ಹಕ್ಕಿಗಳಿಗೆ ಸ್ವರ್ಗವಾಗಿವೆ, ಅಂಥ ಜೌಗು ಕುರಿಗೆ ಆಗಿಬರುವುದಿಲ್ಲ. ಉಣ್ಣೆ ತುಂಬಿದ ಮೈ ಒದ್ದೆಯಾಗಿ ಒಣಗದೆ ಉಳಿದರೆ ಶ್ವಾಸಕೋಶಕ್ಕೆ ಬರುತ್ತದೆ, ಉಣ್ಣೆಯೂ ಮುದ್ದೆಗಟ್ಟಿ ಹಾಳಾಗುತ್ತದೆ. ನಮ್ಮ ಹಿರಿಯರು ಮಲೆನಾಡ ಗಿಡ್ಡ ದನವನ್ನು ಸಾಕಿ ಕುರಿಯನ್ನು ಸಾಕದೆ ಇದ್ದುದಕ್ಕೆ ಕಾರಣ ಇಲ್ಲೇ ಇದೆ.

ಜೌಗಿನಲ್ಲಿ ಬದುಕುವ ಕುರಿಯೇ ಇಲ್ಲವೆಂದಲ್ಲ. ಬಂಗಾಳದ ಸುಂದರಬನದ ಗರೋಲ್ ಎಂಬ ಗಿಡ್ಡ ಕುರಿ ಉಪ್ಪುನೀರಿನ ಕೆಸರಿನಲ್ಲೇ ಮೇಯುತ್ತದೆ, ಒಂದೇ ಸೂಲಿಗೆ ಎರಡು ಮೂರು ಮರಿ ಹಾಕುತ್ತದೆ. ಅದರ ಅವಳಿಗುಣವನ್ನು ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಸಂಶೋಧನಾ ಸಂಸ್ಥೆ ದಖ್ಖನಿ ಕುರಿಗೆ ತಂದು ನಾರಿ ಸುವರ್ಣ ಎಂಬ ತಳಿ ಮಾಡಿತು. ನಮ್ಮ ರಾಜ್ಯದಲ್ಲೂ ಅದನ್ನು ಸಾಕುವವರು ಹೆಚ್ಚುತ್ತಿದ್ದಾರೆ. ಅಡಿಕೆ ದಬ್ಬೆಯ ಅಟ್ಟಣಿಗೆ ಕಟ್ಟಿ, ಮೇವು ಕೊಯ್ದು ಹಾಕಿ, ಮಾಂಸಕ್ಕೂ ಗೊಬ್ಬರಕ್ಕೂ ಕರಾವಳಿಯಲ್ಲಿ ಕೆಲವು ಕುರಿ ಕಟ್ಟಬಹುದು. ಅದು ಒಳ್ಳೆಯ ಉಪಕಸುಬೇ. ಅದರ ಮೇಲೆ ಉಣ್ಣೆಯ ಹಬ್ಬ ಕಟ್ಟಲು ಹೊರಟರೆ ಕುರಿಗೂ ಹಿಂಸೆ, ಹಬ್ಬವೂ ಸುಳ್ಳಾಗುತ್ತದೆ.

ಮಾಂಸದ ಕಡೆಗಿನ ಈ ಓಟ ಒಣ ಬಯಲಿನಲ್ಲೂ ನಡೆದಿದೆ ಎಂಬುದೇ ಇಡೀ ಪ್ರಶ್ನೆಯ ತುರ್ತು. ಬೇಗ ತೂಕ ಬರುವ, ಉಣ್ಣೆಯಿಲ್ಲದೆ ಬರೀ ಕೂದಲಿರುವ ಕುರಿಗಳ ಟಗರನ್ನು ದಖ್ಖನಿ ಹಿಂಡಿಗೆ ಬಿಡುತ್ತಾರೆ. ಕೆಲವೇ ತಲೆಮಾರಿನಲ್ಲಿ ಹಿಂಡಿನ ಉಣ್ಣೆ ಇಲ್ಲವಾಗುತ್ತದೆ. ಕುರಿಗಾರನನ್ನು ದೂರುವಂತಿಲ್ಲ. ಕತ್ತರಿ ಹಾಕುವವನ ಕೂಲಿ ಉಣ್ಣೆಯ ಬೆಲೆಗಿಂತ ಹೆಚ್ಚಾದ ದಿನದಿಂದ ಉಣ್ಣೆ ಅವನಿಗೆ ಬರೀ ಹೊರೆ. ಕುರಿಗೆ ಸೆಕೆಯಾಗದಿರಲಿ, ಉಣ್ಣಿ ಹತ್ತದಿರಲಿ ಎಂದು ಕತ್ತರಿಸಿ ಬೇಲಿಯ ಬದಿಗೆ ಎಸೆದು ಮುಂದೆ ಹೋಗುವ ಹಿಂಡುಗಳಿವೆ. ಒಮ್ಮೆ ಉಣ್ಣೆಯ ಗುಣ ಹಿಂಡಿನಿಂದ ಹೋದರೆ ಯಾವ ಉತ್ಸವವೂ ಅದನ್ನು ವಾಪಸ್ ತರುವುದಿಲ್ಲ. ಮಗ್ಗವನ್ನು ಮತ್ತೆ ಕಟ್ಟಬಹುದು, ನೂಲುವುದನ್ನು ಮತ್ತೆ ಕಲಿಸಬಹುದು, ತಳಿಯನ್ನು ಹಾಗೆ ಕಟ್ಟಲಾಗದು.

ಬರೀ ಉತ್ಸವದಿಂದ ಕಸುಬು ಉಳಿಯುತ್ತದೆಯೇ ಎಂಬುದಕ್ಕೆ ನಮ್ಮ ನೆರೆಯಲ್ಲೇ ಎರಡು ಪಾಠಗಳಿವೆ, ಎರಡೂ ಹತ್ತಿಯವು. ಘಟ್ಟದ ಮೇಲೆ ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಕಟ್ಟಿದ ‘ಚರಕ’ ಮಹಿಳೆಯರ ಸಂಘ ಅಡಿಕೆ ಚೊಗರಿನಂಥ ಬಣ್ಣಗಳಿಂದ ಕೈಮಗ್ಗದ ಬಟ್ಟೆ ಮಾಡಿತು, ಪ್ರತಿವರ್ಷ ಉತ್ಸವ ನಡೆಸಿತು, ‘ದೇಸಿ’ ಅಂಗಡಿಗಳ ಮೂಲಕ ಮಾರಿತು. ಅದರ ಉತ್ಸವ ಅಲ್ಲಿ ಕೆಲಸ ಮಾಡುವವರದೇ ಆಗಿತ್ತು. ಬಟ್ಟೆ ನೇಯ್ದವರೇ ಅಂಗಳದಲ್ಲಿ ಕೂತು ನಾಟಕ ನೋಡಿದರು. ಅಂಥ ಸಂಸ್ಥೆಯೂ 2020ರಲ್ಲಿ ತೀವ್ರ ಹಣದ ಸಂಕಷ್ಟಕ್ಕೆ ಸಿಕ್ಕಿತು. ಪ್ರೀತಿಯ ಗ್ರಾಹಕರು, ಹೆಸರು, ಉತ್ಸವ ಎಲ್ಲ ಇದ್ದೂ ದುಡಿಯುವ ಬಂಡವಾಳ, ಕಾಲಕ್ಕೆ ಸರಿಯಾದ ಸರ್ಕಾರಿ ನೆರವು ಇಲ್ಲದಿದ್ದರೆ ಕೈಕಸುಬು ನಿಲ್ಲಲಾರದು ಎಂದು ಅದು ತೋರಿಸಿತು. ಇನ್ನೊಂದು ನಮ್ಮ ಜಿಲ್ಲೆಯ ಹೆಸರಿನದೇ ಉಡುಪಿ ಸೀರೆ. 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿದರೂ ನೇಯುವವರು ಬೆರಳೆಣಿಕೆಯ ವಯಸ್ಸಾದವರಷ್ಟೇ ಉಳಿದಿದ್ದರು. ಗುರುತಿನ ಪತ್ರ ಮಗ್ಗಕ್ಕೆ ಜನರನ್ನು ತರಲಿಲ್ಲ. ಕದಿಕೆ ಟ್ರಸ್ಟ್ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಜೊತೆ ಕೂತು, ನೇಯ್ದವರ ಹೆಸರು ಚಿತ್ರವನ್ನು ಸೀರೆಯ ಚೀಟಿಯ ಮೇಲೆ ಹಾಕಿ, ಕೂಲಿ ಏರಿಸಿ, ಹೊಸಬರಿಗೆ ಕಲಿಸಿದ ಮೇಲೆ ಮಗ್ಗಗಳು ಮತ್ತೆ ಓಡಿದವು. ಅಲ್ಲಿ ಮೊದಲು ಸರಿಹೋದದ್ದು ಕೂಲಿ. ಪ್ರದರ್ಶನ ಆಮೇಲೆ ಬಂತು. ಉಣ್ಣೆಯ ಕಡೆ ನಮ್ಮವರು ಈ ಕ್ರಮವನ್ನು ತಿರುಗಾಮುರುಗಾ ಮಾಡಿದ್ದಾರೆ.

ರಾಜ್ಯದಲ್ಲಿ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ ಇದೆ. ಹೆಸರಿನಲ್ಲಿ ಉಣ್ಣೆ ಇರುವ ಇಂಥ ನಿಗಮ ಹಸಿ ಉಣ್ಣೆಗೆ ಕನಿಷ್ಠ ಬೆಲೆ ಕಟ್ಟಿ ಹಿಂಡಿನ ದಾರಿಯಲ್ಲೇ ಕೊಳ್ಳಬೇಕೆಂದು ಕೇಳುವುದು ದೊಡ್ಡ ಬೇಡಿಕೆಯೇನಲ್ಲ. ಹಾಲಿಗೆ ಊರೂರಲ್ಲಿ ಡೈರಿ ಮಾಡಿದ ನಾಡು ಇದು.

ಕರಾವಳಿ ಮಾಡಬಹುದಾದ ಕೆಲಸ ಬೇರೆ. ನಾವು ಕೊಳ್ಳುವವರು. ತೆಕ್ಕಟ್ಟೆಗೆ ಹತ್ತಿರದ ಕೋಟೇಶ್ವರದಲ್ಲಿ ವೃಶ್ಚಿಕ ಮಾಸದ ಹುಣ್ಣಿಮೆಗೆ ಕೋಡಿಹಬ್ಬ. ಹೊಸದಾಗಿ ಮದುವೆಯಾದವರು ಕಬ್ಬಿನ ಕೋಡಿ ಕೊಂಡು ಮನೆಗೆ ಹೋಗುವ ಆ ಹಬ್ಬಕ್ಕೆ ಸುತ್ತಲ ಊರುಗಳೆಲ್ಲ ಸೇರುತ್ತವೆ. ಹೊಸ ಉತ್ಸವವೊಂದನ್ನು ಹುಟ್ಟಿಸುವ ಅಗತ್ಯವಿಲ್ಲ. ಚಳ್ಳಕೆರೆಯ, ಮೆಡ್ಲೇರಿಯ ಕಂಬಳಿಯವರಿಗೆ ಅಲ್ಲಿ ಸಾಲಿನಲ್ಲಿ ನಾಲ್ಕು ಮಳಿಗೆ, ಬಾಡಿಗೆಯಿಲ್ಲದೆ. ಒಂದು ಮಳಿಗೆಯಲ್ಲಿ ಕಂಬಳಿ ಇರಬಾರದು, ಬರೀ ಹಸಿ ಉಣ್ಣೆ ಇರಬೇಕು, ತೂಕ ಹಾಕಿ, ಹಿಂಡಿನವರ ಊರು ಹೆಸರು ಬರೆದು. ಯಾರು ಕೊಳ್ಳುತ್ತಾರೆ? ನೂಲುವವರು ನಮ್ಮಲ್ಲಿಲ್ಲ, ಆದರೆ ತೋಟದವರಿದ್ದಾರೆ. ನೂಲಲು ಆಗದ ತುಂಡು ಉಣ್ಣೆಯಲ್ಲಿ ಸಾರಜನಕ ಹೇರಳವಾಗಿದೆ. ತೆಂಗಿನ ಬುಡದ ಮಣ್ಣಿಗೆ ಸೇರಿಸಿದರೆ ನಿಧಾನವಾಗಿ ಕೊಳೆಯುತ್ತ ಗೊಬ್ಬರ ಕೊಡುತ್ತದೆ, ಬೇಸಿಗೆಯಲ್ಲಿ ತೇವ ಹಿಡಿದಿಡುತ್ತದೆ. ಕುರಿಗೊಬ್ಬರ ತರುವ ಅದೇ ಲಾರಿಯಲ್ಲಿ ಒಂದಷ್ಟು ಚೀಲ ಉಣ್ಣೆಯೂ ಬರಬಹುದು. ಒಳ್ಳೆಯ ಉಣ್ಣೆ ಬುಡಕ್ಕೆ ಹೋಗದಂತೆ ಬೇರೆ ಮಾಡಿ, ಅದನ್ನು ಕಂಬಳಿಗೆ ಉಳಿಸಿ, ಉಳಿದದ್ದನ್ನಷ್ಟೇ ತೋಟಕ್ಕೆ ಕೊಡಬೇಕು. ಹಾಗೆ ವಿಂಗಡಿಸುವ ಕೈಗಳಿಗೆ, ಅಂದರೆ ಕುರಿಗಾರರ ಮನೆಯ ಹೆಂಗಸರಿಗೆ, ಕಿಲೋಗೆ ಇಷ್ಟು ಎಂಬ ಕೂಲಿ ಮೊದಲೇ ನಿಗದಿಯಾಗಬೇಕು. ಮಳೆಗಾಲಕ್ಕೆ ಕಂಬಳಿ ಬೇಕೆನ್ನುವವರು ಕೋಡಿಹಬ್ಬದಲ್ಲಿ ಹೆಸರು ಬರೆಸಿ ಮುಂಗಡ ಕೊಟ್ಟರೆ, ನೂಲಲು, ಗಂಜಿ ಹಚ್ಚಲು, ನೇಯಲು ಮೇ ತಿಂಗಳವರೆಗೆ ಸಮಯವಿರುತ್ತದೆ.